ಬೆನ್ನಿಗೆ ಇಂಜೆಕ್ಷನ್ ಆದ ಮೇಲೆ ನೋವು ಮರಳಿದರೆ ಏನು ಮಾಡಬೇಕು?

ಬೆನ್ನುಮೂಳೆಯ ಹಿಂಬದಿಯಲ್ಲಿರುವ ಪುಟ್ಟ ಕೀಲುಗಳಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡವರಲ್ಲಿ ಸೋಂಕಾಗುವುದು ತೀರಾ ಅಪರೂಪ. ಅಪರೂಪವಾದ್ದರಿಂದಲೇ ತಡವಾಗಿ ಗೊತ್ತಾಗುತ್ತದೆ. ಹಳೇ ಸೊಂಟನೋವೇ ತಿರುಗಿ ಬಂತು ಎಂದುಕೊಂಡು ಮನೆಯವರು ಎಣ್ಣೆ ತಿಕ್ಕಿ ಶಾಖ ಕೊಡುತ್ತಾ ದಿನ ಕಳೆಯುತ್ತಾರೆ.

ಎಚ್ಚರ ಇಂಜೆಕ್ಷನ್‌ಗೆ ಮುಂಚೆಯೇ ಶುರುವಾಗಲಿ. ಮೈಮೇಲೆ ಕುರು, ಮಾಗದ ಹುಣ್ಣು, ಉರಿಮೂತ್ರ, ಜ್ವರ ಏನಿದ್ದರೂ ವೈದ್ಯರಿಗೆ ಹೇಳಿ, ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರಿಗೆ ಸೋಂಕಿನ ಅಪಾಯ ಹೆಚ್ಚು. ಸ್ಟೀರಾಯ್ಡ್ ಕೆಲವು ದಿನ ಸಕ್ಕರೆಯನ್ನು ಏರಿಸುವುದೂ ಉಂಟು.

ಇಂಜೆಕ್ಷನ್ ಆದ ದಿನದಿಂದ ಕ್ಯಾಲೆಂಡರಿನಲ್ಲಿ ನೋವು ಎಷ್ಟಿದೆ, ಜ್ವರ ಇದೆಯೇ ಎಂದು ಬರೆದಿಡಿ. ಮೊದಲ ಎರಡು ಮೂರು ದಿನ ನೋವು ತುಸು ಹೆಚ್ಚಾದರೆ ಗಾಬರಿ ಬೇಡ. ಆದರೆ ಕಡಿಮೆಯಾಗಿದ್ದ ನೋವು ಮತ್ತೆ ದಿನೇದಿನೇ ಏರುತ್ತಿದ್ದರೆ, ಮಲಗಿದರೂ ಬಿಡದೆ ನಿದ್ದೆ ಕೆಡಿಸಿದರೆ ಸುಮ್ಮನಿರಬೇಡಿ. ಜ್ವರ ಬಂದೇ ಬರಬೇಕೆಂದಿಲ್ಲ. ಎಷ್ಟೋ ಸಲ ಬರುವುದೇ ಇಲ್ಲ.

ಈ ಬರವಣಿಗೆಯನ್ನು ಒಂದು ವಾರಕ್ಕೆ ನಿಲ್ಲಿಸಬೇಡಿ. 2012ರಲ್ಲಿ ಅಮೆರಿಕದಲ್ಲಿ ಶಿಲೀಂಧ್ರ ಬೆರೆತ ಸ್ಟೀರಾಯ್ಡ್ ಔಷಧ ಮ್ಯಾಸಚೂಸೆಟ್ಸ್‌ನ ಒಂದೇ ತಯಾರಿಕಾ ಘಟಕದಿಂದ ಹಲವು ರಾಜ್ಯಗಳಿಗೆ ಹೋಗಿತ್ತು. 753 ಮಂದಿಗೆ ಸೋಂಕು ತಗಲಿ, 64 ಮಂದಿ ತೀರಿಕೊಂಡರು. ಇಂಜೆಕ್ಷನ್ ಹಾಕಿದ ವೈದ್ಯರ ಕೈ ಶುದ್ಧವಾಗಿದ್ದರೂ ಸೀಸೆಯೊಳಗೇ ಕೇಡಿತ್ತು. ಅನೇಕರಲ್ಲಿ ಲಕ್ಷಣ ಕಾಣಿಸಿದ್ದು ವಾರಗಳು ಕಳೆದ ಮೇಲೆ. ಸಾಮಾನ್ಯವಾಗಿ ಸಿಗುವ ಸೋಂಕು ಮಾತ್ರ ಬೇರೆಯದು: ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಇರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯ.

ಅನುಮಾನ ಬಂದರೆ ಮೆಡಿಕಲ್ ಶಾಪ್‌ನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ, ದಯವಿಟ್ಟು. ಮಾತ್ರೆ ಹೊಟ್ಟೆ ಸೇರಿದ ಮೇಲೆ ರಕ್ತದ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಲ್ಲಿ, ರೋಗಾಣು ಸಿಗದೇ ಹೋಗಬಹುದು. ಆಮೇಲೆ ಯಾವ ಔಷಧ ಕೊಡಬೇಕೆಂಬುದೇ ವೈದ್ಯರಿಗೆ ತೋಚುವುದಿಲ್ಲ. ಇಂಜೆಕ್ಷನ್ ಕೊಟ್ಟವರ ಬಳಿಗೇ ಹೋಗಿ, ತಾರೀಖು ಹೇಳಿ, ಕ್ಯಾಲೆಂಡರ್ ತೋರಿಸಿ. ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಬೇಕಾದರೆ ಎಂಆರ್‌ಐ ಮಾಡಿಸುತ್ತಾರೆ. ಸೋಂಕು ಖಚಿತವಾದರೆ ಚಿಕಿತ್ಸೆ ಹಲವು ವಾರ ನಡೆಯುತ್ತದೆ, ನಡುವೆ ಬಿಡುವಂತಿಲ್ಲ.

ಕಾಲು ಸೋತರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಕೀವು ನರಗಳನ್ನು ಒತ್ತುತ್ತಿರಬಹುದು. ಆಗ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೊರಡಿ.