ಗೇಮ್ ಲೆವೆಲ್‌ಗೆ ಮಾದರಿ ಹುಡುಕುವುದು ಹೇಗೆ? ವಿಜಯಪುರದಿಂದಲೇ ಶುರು ಮಾಡಿ

ಗೇಮ್ ಮಾಡಲು ಕಲಿಯುತ್ತಿರುವ ಹೆಚ್ಚಿನವರು ಲೆವೆಲ್ (ಆಟಗಾರ ಓಡಾಡುವ ಒಂದೊಂದು ಜಾಗ) ಕಟ್ಟಲು ಕೂತ ಕೂಡಲೇ ಚಿತ್ರಗಳ ತಾಣ ಪಿಂಟರೆಸ್ಟ್ ತೆರೆಯುತ್ತಾರೆ. ಯುರೋಪಿನ ಕೋಟೆ, ಜಪಾನಿನ ಗುಡಿ, ಮಂಜು ಕವಿದ ಕಾಡು, ಎಲ್ಲ ಸಿಗುತ್ತವೆ. ಆದರೆ ಅದೇ ಚಿತ್ರಗಳನ್ನು ಎಲ್ಲರೂ ನೋಡುತ್ತಿದ್ದಾರೆ. ಅವುಗಳಲ್ಲಿ ಎಷ್ಟೋ ಚಿತ್ರಗಳು ಬೇರೆ ಗೇಮ್‌ಗಾಗಿ ಯಾರೋ ಬರೆದವು. ಒಂದು ಚಿತ್ರದಲ್ಲಿ ಕಟ್ಟಡದ ಹಿಂಬದಿ ಕಾಣುವುದಿಲ್ಲ, ಮೆಟ್ಟಿಲು ಎಲ್ಲಿಗೆ ಹೋಗುತ್ತದೆ ಗೊತ್ತಾಗುವುದಿಲ್ಲ, ಒಳಗೆ ನಡೆದರೆ ಹೇಗನಿಸುತ್ತದೆ ಅನ್ನುವುದಂತೂ ತಿಳಿಯುವುದೇ ಇಲ್ಲ. ಲೆವೆಲ್‌ಗೆ ಬೇಕಿರುವುದು ಅದೇ ಅಲ್ವಾ? ಅದು ತಿಳಿಯಬೇಕಾದರೆ ನಿಜವಾದ ಕಟ್ಟಡದೊಳಗೆ ನಡೆದು ನೋಡಬೇಕು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಅಂಥ ಹಳೆಯ ಕಟ್ಟಡಗಳು ಒಂದು ಬಸ್ಸಿನ ದೂರದಲ್ಲಿವೆ.

ಮೊದಲು ಒಂದು ಸಾಲು ಬರೆಯಿರಿ

ಹೊರಡುವ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ನನ್ನ ಆಟಗಾರ ಇಲ್ಲಿ ಏನು ಮಾಡುತ್ತಾನೆ? ಅಡಗುತ್ತಾನಾ, ಓಡುತ್ತಾನಾ, ದಾರಿ ಹುಡುಕುತ್ತಾನಾ, ಸುಮ್ನೆ ನಿಂತು ನೋಡುತ್ತಾನಾ? ಈ ಸಾಲು ಇಲ್ಲದೆ ಹೋದರೆ ನೂರಾರು ಚಂದದ ಫೋಟೊ ತರುತ್ತೀರಿ, ಒಂದೂ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಗೂಗಲ್ ಅರ್ಥ್‌ನಲ್ಲಿ ಊರನ್ನು ಮೇಲಿನಿಂದ ನೋಡಿ. ವಿಜಯಪುರದ ಸುತ್ತ ಕೋಟೆ ಗೋಡೆ, ಅಲ್ಲಲ್ಲಿ ಬುರುಜು, ನಡುವೆ ಅರಕಿಲ್ಲೆ ಅನ್ನುವ ಒಳಕೋಟೆ. ಒಂದರೊಳಗೆ ಒಂದು ಆವರಣ ಇರುವ ಈ ನಕ್ಷೆಯನ್ನು ಕಾಗದದ ಮೇಲೆ ಕೈಯಾರೆ ಬರೆದು ನೋಡಿ, ದೊಡ್ಡ ಮ್ಯಾಪಿಗೆ ಬೇಕಾದ ಚೌಕಟ್ಟು ಅದರಲ್ಲೇ ಸಿಗುತ್ತದೆ. ಹೆನ್ರಿ ಕಸೆನ್ಸ್ 1916ರಲ್ಲಿ ಪುರಾತತ್ವ ಇಲಾಖೆಗಾಗಿ ಪ್ರಕಟಿಸಿದ ಸಂಪುಟದಲ್ಲಿ ಇಲ್ಲಿನ ಕಟ್ಟಡಗಳ ಅಳತೆ ಸಹಿತ ನಕ್ಷೆಗಳಿವೆ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಇಳಿಸಿಕೊಳ್ಳಿ.

ಕ್ಯಾಮೆರಾ ಕಿಸೆಯಲ್ಲಿಟ್ಟು ನಡೆಯಿರಿ

ಗೋಲ ಗುಮ್ಮಟಕ್ಕೆ ಹೋದಾಗ ಮೊದಲ ಸುತ್ತಿನಲ್ಲಿ ಫೋಟೊ ಬೇಡ. 1656ರ ಹೊತ್ತಿಗೆ ಮುಗಿದ ಮೊಹಮ್ಮದ್ ಆದಿಲ್ ಶಾಹನ ಈ ಗೋರಿ ಊರಿನ ಎಷ್ಟೋ ಕಡೆಯಿಂದ ಕಾಣುತ್ತದೆ. ಲೆವೆಲ್ ಕಟ್ಟುವವರು ಆಟಗಾರನಿಗೆ ದಿಕ್ಕು ತೋರಿಸಲು ಇಂಥದ್ದೇ ಒಂದು ಎತ್ತರದ ಗುರುತು ನಿಲ್ಲಿಸುತ್ತಾರೆ. ಆದರೆ ಗೇಟಿನ ಒಳಗೆ ಬಂದರೆ ಈಗ ಮ್ಯೂಸಿಯಂ ಇರುವ ನಗಾರಖಾನೆ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ಎದುರಿಗೆ ನಿಲ್ಲುತ್ತದೆ. ಅದನ್ನು ದಾಟಿದ ಮೇಲೆ ಗುಮ್ಮಟ ಪೂರ್ತಿಯಾಗಿ ಕಣ್ಣಿಗೆ ಬೀಳುತ್ತದೆ. ದೂರದಿಂದ ತೋರಿಸು, ಹತ್ತಿರ ಬಂದಾಗ ಮರೆಮಾಡು, ಮತ್ತೆ ಒಮ್ಮೆಲೇ ತೋರಿಸು. ಇದನ್ನು ನಿಮ್ಮ ಲೆವೆಲ್‌ಗೆ ಹಾಗೇ ಎತ್ತಿಕೊಳ್ಳಬಹುದು.

ಈಗ ಮೇಲೆ ಹತ್ತಿ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಗೋಪುರಗಳಿವೆ, ಮೆಟ್ಟಿಲು ಅವುಗಳ ಒಳಗೆ. ಇಕ್ಕಟ್ಟು, ಅರೆಗತ್ತಲು, ಏದುಸಿರು, ಆಗಾಗ ಒಂದು ಕಿಂಡಿಯಿಂದ ಬೆಳಕು, ಮತ್ತೆ ಮೆಟ್ಟಿಲು, ಕೊನೆಗೆ ಒಮ್ಮೆಲೇ ತೆರೆದ ಛಾವಣಿ, ಗಾಳಿ, ಇಡೀ ಊರು. ಅಲ್ಲಿಂದ ಗುಮ್ಮಟದ ಬುಡದ ಸಣ್ಣ ಬಾಗಿಲಲ್ಲಿ ನುಗ್ಗಿದರೆ ಪಿಸುಗುಟ್ಟುವ ಗ್ಯಾಲರಿ, ಕೆಳಗೆ ದೊಡ್ಡ ಪೊಳ್ಳು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಆದರೆ ಆ ಅಂಕಿಗಿಂತ ಅದಕ್ಕೂ ಮುಂಚೆ ನೀವು ಇಕ್ಕಟ್ಟಿನಲ್ಲಿ ಬಂದಿರಿ ಅನ್ನುವುದೇ ಅದನ್ನು ದೊಡ್ಡದಾಗಿಸುತ್ತದೆ. ಪ್ರತಿ ಹಂತದಲ್ಲೂ ಅಗಲ, ಎತ್ತರ, ಬೆಳಕು, ಸದ್ದು, ಈ ನಾಲ್ಕನ್ನು ಬರೆದುಕೊಳ್ಳಿ. ಸದ್ದನ್ನು ಮರೆಯಬೇಡಿ. ಇಲ್ಲಿ ಗೋಡೆಗೆ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ನಿಂತವರಿಗೆ ಕೇಳಿಸುತ್ತದೆ, ಅಂದರೆ ಅಡಗಿ ಆಡುವ ಗೇಮ್‌ಗೆ ಬೇಕಾದ ನಿಯಮವನ್ನು ಕಟ್ಟಡವೇ ಕೊಡುತ್ತಿದೆ: ಆಟಗಾರನ ಹೆಜ್ಜೆ ಸದ್ದು ದೂರದ ಆಚೆ ಬದಿಯ ಕಾವಲುಗಾರನಿಗೂ ಮುಟ್ಟಬೇಕು. ನನಗೆ ಈ ಕಟ್ಟಡದಲ್ಲಿ ತುಂಬಾ ಇಷ್ಟವಾದದ್ದು ಇದೇ.

ಕೆಳಗೆ ಬಂದ ಮೇಲೆ ತಲೆ ಎತ್ತಿ ಕಮಾನು ನೋಡಿ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿಟ್ಟ ಲೆಕ್ಕದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಗುಮ್ಮಟ ಹೊತ್ತಿವೆ. ಮೂರು ಆಯಾಮದ ಮಾದರಿ ಮಾಡುವ ತಂತ್ರಾಂಶ ಬ್ಲೆಂಡರ್‌ನಲ್ಲಿ ಒಂದೇ ಕಮಾನು ಮಾಡಿ 45 ಡಿಗ್ರಿಗೊಮ್ಮೆ ತಿರುಗಿಸಿ ಪ್ರತಿ ಇಟ್ಟರೆ ಈ ರಚನೆ ಬರುತ್ತದೆ. ಬಾರಾ ಕಮಾನ್ ಕೂಡ ಹಾಗೇ. ಅರ್ಧಕ್ಕೆ ನಿಂತ ಎರಡನೇ ಅಲಿ ಆದಿಲ್ ಶಾಹನ ಗೋರಿ ಅದು, ಬರೀ ಕಮಾನುಗಳ ಸಾಲು. ಒಂದು ತುಣುಕನ್ನೇ ಮತ್ತೆ ಮತ್ತೆ ಬಳಸಿ ಲೆವೆಲ್ ಕಟ್ಟಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ನಾನಂತೂ ನೋಡಿಲ್ಲ.

ವಿಜಯಪುರದಲ್ಲೇ ಇರುವ ಕಾವಲು ಗೋಪುರ ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗಿನಿಂದ ಸುತ್ತಿಕೊಂಡು ಏರುತ್ತದೆ. ಹತ್ತುವವನು ಕೆಳಗಿನವರಿಗೆಲ್ಲ ಕಾಣುತ್ತಾನೆ, ಬೇರೆ ದಾರಿ ಇಲ್ಲ. ಎದುರಾಳಿಗಳಿರುವ ಲೆವೆಲ್‌ಗೆ ಹೇಳಿ ಮಾಡಿಸಿದ್ದು. ಇದಕ್ಕೆ ಪೂರ್ತಿ ಬೇರೆ ಥರದ್ದು ಬೇಕಿದ್ದರೆ ಬಾದಾಮಿಗೆ ಹೋಗಿ. ಉತ್ತರ ಕೋಟೆಯ ದಾರಿಯಲ್ಲಿ ಕೆಂಪು ಮರಳುಗಲ್ಲಿನ ಬಂಡೆಗಳ ನಡುವೆ ಸಂದಿಗಳಿವೆ. ತಿರುವಿನಾಚೆ ಏನಿದೆ ಗೊತ್ತಾಗದ ಹಾಗೆ ಅವು ಕರೆದುಕೊಂಡು ಹೋಗುತ್ತವೆ.

ಫೋಟೊ ತೆಗೆಯುವಾಗ

ಎರಡನೇ ಸುತ್ತಿನಲ್ಲಿ ಫೋಟೊ. ಕಣ್ಣಿನ ಎತ್ತರದಿಂದಲೇ ತೆಗೆಯಿರಿ, ಯಾಕೆಂದರೆ ಆಟಗಾರ ಅಲ್ಲಿಂದಲೇ ನೋಡುವುದು. ಬಾಗಿಲ ಪಕ್ಕ ಜೊತೆಗಿರುವ ಗೆಳೆಯನನ್ನು ನಿಲ್ಲಿಸಿ, ಅಳತೆ ಸಿಗುತ್ತದೆ. ಗೋಡೆ ನೆಲಕ್ಕೆ ಸೇರುವ ಕಡೆ, ಸವೆದ ಮೆಟ್ಟಿಲು, ಮಳೆ ನೀರು ಇಳಿದ ಕಲೆ, ಇವನ್ನು ಪ್ರವಾಸಿಗರು ತೆಗೆಯುವುದಿಲ್ಲ, ನೀವು ತೆಗೆಯಿರಿ. ಆಕಾರಕ್ಕೆ ಬೆಳಗಿನ ಓರೆ ಬಿಸಿಲು ಒಳ್ಳೆಯದು, ಕಲ್ಲಿನ ಮೈಗೆ ಮೋಡದ ದಿನ. ಫೋಟೊಗಳಿಂದ ಮೂರು ಆಯಾಮದ ಮಾದರಿ ಮಾಡುವುದಿದ್ದರೆ ಒಂದು ಫೋಟೊದ ಅರ್ಧಕ್ಕಿಂತ ಜಾಸ್ತಿ ಭಾಗ ಮುಂದಿನದರಲ್ಲೂ ಬರುವ ಹಾಗೆ ಸುತ್ತಲೂ ತೆಗೆಯಬೇಕು. ಮೆಶ್‌ರೂಮ್ ಅನ್ನೋ ತಂತ್ರಾಂಶ ಉಚಿತ. ಡ್ರೋನ್, ಟ್ರೈಪಾಡ್‌ಗೆ ಮೊದಲೇ ಅನುಮತಿ ಕೇಳಿ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಇವು ಗೋರಿಗಳು, ಗುಡಿಗಳು. ಎಷ್ಟೋ ಕಡೆ ಇಂದಿಗೂ ಜನ ಕೈ ಮುಗಿಯುತ್ತಾರೆ. ಕಮಾನಿನ ಅಳತೆ, ಬೆಳಕು, ದಾರಿ ತೆಗೆದುಕೊಳ್ಳಿ. ಸಮಾಧಿಯನ್ನೋ ಗರ್ಭಗುಡಿಯನ್ನೋ ಗುಂಡು ಹಾರಿಸುವ ಜಾಗ ಮಾಡಬೇಡಿ.

ಮನೆಗೆ ಬಂದ ಮೇಲೆ

ಎಲ್ಲವನ್ನೂ ಚಿತ್ರಗಳನ್ನು ಜೋಡಿಸಿಡುವ ಪ್ಯೂರ್‌ರೆಫ್‌ನಂಥ ತಂತ್ರಾಂಶದ ಹಲಗೆಯ ಮೇಲೆ ಹರಡಿ. ಊರಿನ ಹೆಸರಿನಂತೆ ಜೋಡಿಸಬೇಡಿ, ದಾರಿ, ಬೆಳಕು, ಆಕಾರ, ಕಲ್ಲು ಎಂದು ಗುಂಪು ಮಾಡಿ. ಪ್ರತಿ ಫೋಟೊದ ಕೆಳಗೆ ಯಾಕೆ ಇಟ್ಟೆ ಅಂತ ಒಂದು ಸಾಲು ಬರೆಯಿರಿ. ಬರೆಯಲು ಆಗದಿದ್ದರೆ ಅದನ್ನು ತೆಗೆದುಬಿಡಿ. ಒಂದು ಲೆವೆಲ್‌ಗೆ ಇಪ್ಪತ್ತು ಫೋಟೊ ಸಾಕು.

ನಂತರ ಬಣ್ಣ, ಕೆತ್ತನೆ ಏನೂ ಇಲ್ಲದ ಬೂದು ಡಬ್ಬಿಗಳಲ್ಲಿ ಲೆವೆಲ್ ಕಟ್ಟಿ. ಗೇಮ್ ಕಟ್ಟುವ ತಂತ್ರಾಂಶಗಳ ಪೈಕಿ ಅನ್ರಿಯಲ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಸೆಂಟಿಮೀಟರ್, ಯೂನಿಟಿಯಲ್ಲಿ ಒಂದು ಮೀಟರ್ ಅಂತ ಲೆಕ್ಕ. ಮೊದಲು ನಿಜವಾದ ಅಳತೆಯಲ್ಲೇ ಇಟ್ಟು ಓಡಾಡಿ. ಗೋಪುರದ ಮೆಟ್ಟಿಲಲ್ಲಿ ತಕ್ಷಣ ಸಿಕ್ಕಿಬೀಳುತ್ತೀರಿ, ಯಾಕೆಂದರೆ ಆಟಗಾರನ ಬೆನ್ನ ಹಿಂದಿನ ಕ್ಯಾಮೆರಾ ಗೋಡೆಗೆ ತಾಗುತ್ತದೆ. ಅಂಥ ಜಾಗವನ್ನು ಒಂದೂವರೆ ಪಟ್ಟು, ಬೇಕಾದರೆ ಎರಡು ಪಟ್ಟು ಅಗಲ ಮಾಡಿ. ಆಗ ಇಕ್ಕಟ್ಟಿನ ಅನುಭವ ಹೋಗುತ್ತದೆ, ಅದನ್ನು ಮರಳಿ ತರಲು ಬೆಳಕು ಇಳಿಸಿ, ಛಾವಣಿ ತಗ್ಗಿಸಿ, ಹೆಜ್ಜೆಯ ಸದ್ದು ಹತ್ತಿರ ತನ್ನಿ, ಮುಂದಿನ ಕೋಣೆಯನ್ನು ಇನ್ನೂ ದೊಡ್ಡದು ಮಾಡಿ.

ಕೊನೆಗೆ ಗೋಲ ಗುಮ್ಮಟ ನೋಡಿರದ ಒಬ್ಬರಿಗೆ ಈ ಬೂದು ಲೆವೆಲ್ ಆಡಲು ಕೊಡಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತರು, ಎಲ್ಲಿ ದಾರಿ ತಪ್ಪಿದರು, ಎಲ್ಲಿ ತಲೆ ಎತ್ತಿ ನೋಡಿದರು, ಅಷ್ಟನ್ನು ಗುರುತು ಹಾಕಿಕೊಳ್ಳಿ. ದೊಡ್ಡ ಕೋಣೆಗೆ ಬಂದಾಗ ಅವರು ನಿಲ್ಲದೆ ನೇರ ಓಡಿಹೋದರೆ, ಅದಕ್ಕೂ ಹಿಂದಿನ ಮೆಟ್ಟಿಲ ದಾರಿಯನ್ನು ಇನ್ನಷ್ಟು ಉದ್ದ ಮಾಡಿ ಮತ್ತೊಮ್ಮೆ ಆಡಿಸಿ.