ಮೊಲಕ್ಕೆ ಸೊಪ್ಪು: ಯಾವುದು, ಎಷ್ಟು, ಎಲ್ಲಿ ಕೊಯ್ದದ್ದು?

ಸಾಕುಮೊಲದ ಮುಖ್ಯ ಊಟ ಹುಲ್ಲು. ಸೊಪ್ಪು ಅದರ ಜೊತೆಗೆ, ಗಡ್ಡೆ ತರಕಾರಿ ಚೂರುಪಾರು, ಹಣ್ಣು ಬರೀ ಬಾಯಿರುಚಿಗೆ. ಈ ಕ್ರಮ ತಲೆಕೆಳಗಾದಲ್ಲೇ ಮೊಲಗಳಿಗೆ ಹೊಟ್ಟೆ ಉಬ್ಬರ, ಭೇದಿ ಶುರುವಾಗುತ್ತದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹಸಿರಿಗೇನೂ ಬರವಿಲ್ಲ. ಮನೆಬಾಗಿಲಲ್ಲೇ ಸಿಕ್ಕಿತೆಂದು ಕೈಗೆ ಬಂದದ್ದನ್ನು ಬೋನಿಗೆ ಹಾಕುವುದರಿಂದಲೇ ತೊಂದರೆ.

ಮೊಲದ ಹೊಟ್ಟೆಯೊಳಗೆ ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವಲ್ಲಿ ಒಂದು ದೊಡ್ಡ ಚೀಲವಿದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುಳಿಸಿ ಪೋಷಕಾಂಶ ಮಾಡುತ್ತವೆ. ಹಾಗೆ ತಯಾರಾದದ್ದು ಮೆತ್ತಗಿನ ಹಿಕ್ಕೆಯಾಗಿ ಹೊರಬರುವಾಗ ಮೊಲ ನೇರವಾಗಿ ಬಾಯಿ ಹಾಕಿ ಮತ್ತೆ ತಿನ್ನುತ್ತದೆ. ಇದು ರೋಗವಲ್ಲ, ತಡೆಯಬೇಡಿ. ಸಕ್ಕರೆ, ಹಿಟ್ಟಿನ ಅಂಶ ಒಮ್ಮೆಲೇ ಹೆಚ್ಚಾದರೆ ಆ ಚೀಲದಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಮೇಲುಗೈ ಸಾಧಿಸಿ ವಾಯು ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಕೆಳಗೇ ಇಳಿಯಬೇಕು, ಅದನ್ನು ಇಳಿಸುವುದು ನಾರು. ಹಲ್ಲುಗಳೂ ಆಯುಷ್ಯವಿಡೀ ಬೆಳೆಯುತ್ತಲೇ ಇರುವುದರಿಂದ ಅವು ಸವೆಯಲು ಹುಲ್ಲು ಅಗಿಯಲೇಬೇಕು.

ಮೊದಲು ಹುಲ್ಲು

ಬೋನಿನಲ್ಲಿ ಹುಲ್ಲು ಇಪ್ಪತ್ನಾಲ್ಕು ಗಂಟೆಯೂ ಇರಲಿ. ಅಳತೆ ಬೇಡ, ಖಾಲಿಯಾಗದಿದ್ದರೆ ಸಾಕು. ಗಿನಿಹುಲ್ಲು, ಗರಿಕೆ, ಎಳೆಯ ನೇಪಿಯರ್ ಒಳ್ಳೆಯದು. ಮಳೆಗಾಲಕ್ಕೆಂದು ಮಾರ್ಚ್, ಏಪ್ರಿಲ್‌ನಲ್ಲೇ ಒಣಗಿಸಿ ಇಟ್ಟುಕೊಳ್ಳಿ: ಹೂ ಬಿಡುವ ಮುನ್ನ ಕೊಯ್ದು, ಅಂಗಳದಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ಎರಡು ಸಲ ಮಗುಚಿದರೆ ಒಳ್ಳೆಯ ಬಿಸಿಲಿಗೆ ಎರಡು ಮೂರು ದಿನ ಸಾಕು. ಕಡ್ಡಿಯ ಗಂಟು ಬಗ್ಗಿಸಿದಾಗ ಮುರಿಯಬೇಕು. ಬಾಗಿದರೆ ಇನ್ನೂ ಪಸೆಯಿದೆ, ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ನೆಲಕ್ಕೆ ತಾಗದಂತೆ ಅಟ್ಟದಲ್ಲೋ ಹಲಗೆಯ ಮೇಲೋ ಇಡಿ.

ಬೈಹುಲ್ಲು ಕೊಡಬಹುದೇ? ಜಗಿಯಲು ಆಗುತ್ತದೆ, ಆದರೆ ಅದರಲ್ಲಿ ಪೋಷಕಾಂಶ ಬಹಳ ಕಡಿಮೆ. ಅದೊಂದನ್ನೇ ನೆಚ್ಚಿಕೊಂಡರೆ ಮೊಲ ಸೊರಗುತ್ತದೆ. ಆಷಾಢದ ಮಳೆಗೆ ಮುಗ್ಗಲು ವಾಸನೆ ಬಂದ ಬೈಹುಲ್ಲನ್ನಂತೂ ಹಾಸಲೂ ಬಳಸಬೇಡಿ. ಬೂಷ್ಟು ಹಿಡಿದ ಕಡ್ಲೆಹಿಂಡಿಗೂ ಇದೇ ಮಾತು. ಬೂಷ್ಟಿನ ವಿಷವನ್ನು ಮೊಲ ತಾಳುವುದಿಲ್ಲ.

ಎಲ್ಲಿ ಕೊಯ್ಯಬೇಕು

ಅಡಿಕೆ ತೋಟ ಇರುವವರು ಇಲ್ಲಿ ತುಂಬ ಎಚ್ಚರ ವಹಿಸಬೇಕು. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು 40-45 ದಿನ ಕಳೆದು ಮತ್ತೊಮ್ಮೆ ಬೋರ್ಡೋ ಮದ್ದು ಬಿಡುತ್ತಾರೆ. ಮೈಲುತುತ್ತು, ಸುಣ್ಣದ ಆ ದ್ರಾವಣ ಗೊನೆಗೆ ಬೀಳುವಂತೆ ಬುಡದ ಹುಲ್ಲಿಗೂ ತೊಟ್ಟಿಕ್ಕುತ್ತದೆ. ಮಳೆಗೆ ಬೇಗ ತೊಳೆದುಹೋಗದಿರುವುದೇ ಆ ಮದ್ದಿನ ಗುಣ. ಹಾಗಾಗಿ ‘ಮಳೆ ಬಂತಲ್ಲ, ಹೋಗಿರುತ್ತದೆ’ ಎಂದುಕೊಳ್ಳಬೇಡಿ. ಮದ್ದು ಬಿಡುವ ಕಾಲಕ್ಕೆ ತೋಟದ ಹುಲ್ಲನ್ನು ಪೂರ್ತಿ ಬಿಟ್ಟುಬಿಡಿ. ಕೊಟ್ಟಿಗೆಯ ಹಿಂದಿನ, ಮದ್ದು ತಾಗದ ಒಂದು ತುಂಡು ಜಾಗವನ್ನು ಮೊಲಕ್ಕೆಂದೇ ಮೀಸಲಿಟ್ಟರೆ ನಿಶ್ಚಿಂತೆ. ಕಳೆನಾಶಕ ಹೊಡೆದ ಬೇಲಿಬದಿ, ವಾಹನದ ಹೊಗೆ ಬಡಿಯುವ ಮಾರ್ಗದಂಚು, ನಾಯಿ ಬೆಕ್ಕು ಓಡಾಡುವ ಮೂಲೆ, ಇಲಿ ಹೆಚ್ಚಿರುವ ಗದ್ದೆಬದು ಕೂಡ ಬೇಡ. ಆಫ್ರಿಕನ್ ಬಸವನಹುಳು ಹರಿದ ಲೋಳೆಯ ಗೆರೆ ಕಂಡ ಎಲೆಯನ್ನು ಎಸೆಯಿರಿ.

ಯಾವ ಸೊಪ್ಪು

ದಿನಾ ಕೊಡಬಹುದಾದವು: ಕೊತ್ತಂಬರಿ, ಪುದೀನ, ಗೆಣಸಿನ ಬಳ್ಳಿಯ ಎಲೆ, ದಾಸವಾಳದ ಎಲೆ ಮತ್ತು ಹೂ, ತಿಮರೆ (ಒಂದೆಲಗ), ಪೇರಳೆಯ ಎಳೆ ಎಲೆ, ಬಾಳೆ ಎಲೆಯ ತುಂಡು. ಇವುಗಳಲ್ಲಿ ಎರಡು ಮೂರು ಬಗೆ ಸೇರಿಸಿ, ಮರುದಿನ ಬದಲಿಸಿ.

ನಮ್ಮ ಕಡೆ ಚಪ್ಪರದಲ್ಲಿ ಬಸಳೆ, ಹಿತ್ತಿಲಲ್ಲಿ ಹರಿವೆ ಇದ್ದೇ ಇರುತ್ತದೆ, ಹಾಗಾಗಿ ಮೊಲಕ್ಕೂ ನಿತ್ಯ ಅದೇ ಬೀಳುತ್ತದೆ. ಬಸಳೆ, ಹರಿವೆ, ಪಾಲಕ್ ಮೂರರಲ್ಲೂ ಆಕ್ಸಲೇಟ್ (ಸುಣ್ಣದ ಅಂಶದೊಂದಿಗೆ ಸೇರಿ ಹರಳುಗಟ್ಟುವ ವಸ್ತು) ಹೆಚ್ಚು. ವಾರಕ್ಕೆ ಒಂದೆರಡು ಸಲ, ಅದೂ ಬೇರೆ ಸೊಪ್ಪಿನ ಜೊತೆ ಕೊಟ್ಟರೆ ತೊಂದರೆಯಿಲ್ಲ. ನುಗ್ಗೆ ಸೊಪ್ಪಿನಲ್ಲಿ ಸುಣ್ಣದ ಅಂಶ ಜಾಸ್ತಿ. ಮೊಲದ ದೇಹ ಆಹಾರದ ಸುಣ್ಣವನ್ನು ಧಾರಾಳವಾಗಿ ಹೀರಿಕೊಂಡು, ಮಿಕ್ಕದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೂತ್ರ ಒಣಗಿದ ಜಾಗದಲ್ಲಿ ಬಿಳಿ ಹುಡಿ ಕಾಣುವುದು ಸಹಜ, ಆದರೆ ಮೂತ್ರ ಗಟ್ಟಿ ಕೆಸರಿನಂತಾದರೆ ನುಗ್ಗೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಬೀಟ್‌ರೂಟ್ ಅಥವಾ ಕೆಂಪು ಹರಿವೆ ತಿಂದ ಮರುದಿನ ಮೂತ್ರ ಕೆಂಪಾದೀತು. ಅವನ್ನು ನಿಲ್ಲಿಸಿದ ಮೇಲೂ ಕೆಂಪು ಉಳಿದರೆ ಅಥವಾ ಮೊಲ ತಿಣುಕುತ್ತಿದ್ದರೆ ರಕ್ತವಿರಬಹುದು.

ಕ್ಯಾರೆಟ್ ಮೊಲದ ಆಹಾರವೆಂಬ ನಂಬಿಕೆ ಮಕ್ಕಳಲ್ಲಿ ಗಟ್ಟಿಯಾಗಿದೆ. ಅದರ ಸೊಪ್ಪು ಒಳ್ಳೆಯದು, ಗಡ್ಡೆಯಲ್ಲಿ ಸಕ್ಕರೆ ಹೆಚ್ಚು. ಬೆರಳಿನ ಒಂದು ಗಿಣ್ಣಿನಷ್ಟು ಸಾಕು. ಕ್ಯಾಬೇಜಿನಿಂದ ವಾಯು, ಸ್ವಲ್ಪವೇ ಇರಲಿ. ಬಾಳೆಹಣ್ಣು, ಪಪ್ಪಾಯಿ, ಮಾವು ವಾರಕ್ಕೆರಡು ಸಲ, ಮೊಲದ ತೂಕ ಕಿಲೋಗೆ ಒಂದು ಟೀ ಚಮಚ. ಹಲಸಿನ ಸೊಳೆ ತುಂಬ ಸಿಹಿ, ಅದರ ಕಾಲದಲ್ಲಿ ಕೈ ತಡೆಯಿರಿ.

ಬೇಡವೇ ಬೇಡ ಎನ್ನುವ ಪಟ್ಟಿ ಇನ್ನೂ ಮುಖ್ಯ. ಪತ್ರೊಡೆ ಮಾಡಿ ತಿನ್ನುತ್ತೇವೆಂದು ಹಸಿ ಕೆಸುವಿನ ಎಲೆ ಹಾಕಬಾರದು. ಅದರೊಳಗಿನ ಸೂಜಿಯಂಥ ಹರಳುಗಳು ಬಾಯಿ ಗಂಟಲನ್ನು ಚುಚ್ಚುತ್ತವೆ. ಮರಗೆಣಸಿನ ಎಲೆ, ಸಿಪ್ಪೆ ಮತ್ತು ರಬ್ಬರ್ ಎಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಸುಬಾಬುಲ್, ಮುಟ್ಟಿದರೆ ಮುನಿ ಎರಡರಲ್ಲೂ ಮಿಮೋಸಿನ್ ಎಂಬ ವಿಷಾಂಶ ಇದೆ, ಕೂದಲು ಉದುರುತ್ತದೆ. ನೀರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಬಟಾಟೆಯ ಮೊಳಕೆ, ಟೊಮೆಟೊ ಗಿಡದ ಎಲೆ, ಕಣಗಿಲೆ, ಉಮ್ಮತ್ತಿ, ಲಂಟಾನ, ಕ್ರೋಟನ್ ಯಾವುದೂ ಬೋನಿನ ಹತ್ತಿರ ಸುಳಿಯಬಾರದು. ಅನ್ನ, ಅವಲಕ್ಕಿ, ರಸ್ಕ್, ಬಿಸ್ಕತ್ತು ವಿಷವಲ್ಲದಿದ್ದರೂ ಹೊಟ್ಟೆ ಕೆಡಿಸುತ್ತವೆ.

ತೊಳೆದು, ನೀರಿಳಿಸಿ

ಪೇಟೆಯಿಂದ ತಂದ ಕಟ್ಟಿನ ದಾರ, ಬೇರು ತೆಗೆದು, ಹಳದಿ ಮತ್ತು ಕೊಳೆತ ಎಲೆ ಆರಿಸಿ. ಮೂರು ನೀರಿನಲ್ಲಿ ತೊಳೆದು, ಲೀಟರಿಗೆ 20 ಗ್ರಾಂ ಹುಣಸೆ ಕಿವುಚಿ ಸೋಸಿದ ನೀರಲ್ಲಿ ಹತ್ತು ನಿಮಿಷ ನೆನೆಸಿ, ಕೊನೆಗೆ ಹರಿಯುವ ನೀರಿಗೆ ಹಿಡಿಯಿರಿ. ಎಲೆಯ ಮೇಲಿನ ಮದ್ದು ಬಹುಪಾಲು ಕಡಿಮೆಯಾಗುತ್ತದೆ. ಒಳಗೆ ಸೇರಿದ್ದು ಯಾವ ತೊಳೆತಕ್ಕೂ ಹೋಗುವುದಿಲ್ಲ, ಅದಕ್ಕೇ ಹಿತ್ತಿಲ ಸೊಪ್ಪು ಮೇಲು.

ಒದ್ದೆ ಸೊಪ್ಪು ತಿಂದರೆ ಮೊಲ ಸಾಯುತ್ತದೆ ಎನ್ನುತ್ತಾರೆ. ತಪ್ಪು ನೀರಿನದ್ದಲ್ಲ. ಒದ್ದೆ ಹುಲ್ಲನ್ನು ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಹುಳಿಯುತ್ತದೆ, ಆ ಹುಳಿತದ್ದು ಹೊಟ್ಟೆ ಉಬ್ಬಿಸುತ್ತದೆ. ಜರಡಿ ಬುಟ್ಟಿಯಲ್ಲಿ ಹರಡಿ ನೀರಿಳಿಸಿ ಕೊಡಿ, ಬೆಚ್ಚಗಾದ ರಾಶಿಯನ್ನು ಗೊಬ್ಬರಗುಂಡಿಗೆ ಹಾಕಿ. ಸೊಪ್ಪನ್ನು ನೆಲಕ್ಕೆ ಎಸೆಯದೆ ಗೋಡೆಗೆ ಕಟ್ಟಿದ ಬುಟ್ಟಿಯಲ್ಲಿಡಿ. ಹಿಕ್ಕೆಯಿಂದ ಬರುವ ಕಾಕ್ಸಿಡಿಯಾ ರೋಗಾಣು ತೇವದಲ್ಲಿ ಬಲಿತು ಮರಿಗಳ ಜೀವ ತೆಗೆಯುತ್ತದೆ.

ಅಳತೆ ಮತ್ತು ರೂಢಿ

ಬೆಳೆದ ಮೊಲಕ್ಕೆ ತೂಕದ ಕಿಲೋಗೆ ಒಂದು ಲೋಟ, ಅಂದರೆ ಕತ್ತರಿಸಿ ಸಡಿಲವಾಗಿ ತುಂಬಿದ ಸೊಪ್ಪು ದಿನಕ್ಕೆ ಸಾಕು. ಅದನ್ನು ಬೆಳಿಗ್ಗೆ ಮತ್ತು ಮುಸ್ಸಂಜೆಗೆ ಹಂಚಿ. ಮೊಲ ಚುರುಕಾಗಿರುವುದೂ ಆ ಹೊತ್ತಿಗೇ. ಪೆಲೆಟ್ (ಗುಳಿಗೆಯಂತೆ ಒತ್ತಿ ಮಾಡಿದ ಮೊಲದ ಆಹಾರ) ಕೊಡುವುದಾದರೆ ಕಿಲೋ ತೂಕಕ್ಕೆ 25 ಗ್ರಾಂ ಮೀರದಿರಲಿ. ನೀರು ಕಿಲೋಗೆ 50ರಿಂದ 150 ಮಿಲಿ ಬೇಕಾಗುತ್ತದೆ, ಸೆಖೆಗಾಲದಲ್ಲಿ ಇನ್ನೂ ಹೆಚ್ಚು. ಮೂರು ಗಂಟೆ ಕಳೆದೂ ಉಳಿದ ಸೊಪ್ಪು ತೆಗೆಯಿರಿ.

ಹೊಸ ಸೊಪ್ಪು ಒಂದು ಸಲಕ್ಕೆ ಒಂದೇ. ಮೊದಲ ದಿನ ಎರಡು ಎಲೆ ಕೊಟ್ಟು ಎರಡು ದಿನ ಹಿಕ್ಕೆ ನೋಡಿ. ಕಡಲೆಗಾತ್ರದ, ಉರುಟಾದ, ಒಡೆದರೆ ನಾರು ಕಾಣುವ ಹಿಕ್ಕೆ ಇದ್ದರೆ ನಿಧಾನವಾಗಿ ಹೆಚ್ಚಿಸಿ, ವಾರದಲ್ಲಿ ಪೂರ್ತಿ ಅಳತೆಗೆ ಬನ್ನಿ. ಈ ಉರುಟು ಹಿಕ್ಕೆಯೇ ಮೆತ್ತಗಾದರೆ ಆ ಸೊಪ್ಪು ಬಿಟ್ಟು ಬರೀ ಹುಲ್ಲಿಗೆ ಮರಳಿ. ಮೊಲ ಮತ್ತೆ ತಿನ್ನಬೇಕಾದ ಮೆತ್ತನೆ ಹಿಕ್ಕೆ ಬಾಲಕ್ಕೆ ಮೆತ್ತಿಕೊಂಡಿದ್ದರೆ ಸಿಹಿಯೋ ಪೆಲೆಟ್ಟೋ ಹೆಚ್ಚಾಗಿರಬಹುದು. ಪೇಟೆಯಿಂದ ಹೊಸದಾಗಿ ತಂದ ಮರಿಗೆ ಮೊದಲ ವಾರ ಮಾರಿದವರು ಕೊಡುತ್ತಿದ್ದುದನ್ನೇ ಮುಂದುವರಿಸಿ. ದಾರಿಯ ದಣಿವಿನ ಮೇಲೆ ಆಹಾರವೂ ಬದಲಾದರೆ ಮರಿ ತಡೆಯುವುದಿಲ್ಲ.

ತಡಮಾಡಬಾರದ ಹೊತ್ತು

ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ, ಮುದುಡಿ ಕೂತು ಹಲ್ಲು ಕಡಿಯುತ್ತಿದ್ದರೆ ಕರುಳು ನಿಂತಿದೆ. ಬೆಳಗಾಗಲಿ ಎಂದು ಕಾಯಬೇಡಿ. ಹೊಟ್ಟೆ ಗಟ್ಟಿಯಾಗಿ ಉಬ್ಬಿದ್ದರೆ ಬಾಯಿಗೆ ಏನನ್ನೂ ಒತ್ತಿ ಹಾಕಬೇಡಿ. ಮನೆಯಲ್ಲಿರುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮಾತ್ರೆಗಳನ್ನು ಮೊಲಕ್ಕೆ ತಿನ್ನಿಸಿದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು. ಪಂಚಾಯತಿನ ಮೃಗಾಸ್ಪತ್ರೆಗೆ ಒಯ್ಯುವಾಗ ಕೊನೆಗೆ ಹಾಕಿದ ಹಿಕ್ಕೆ ಒಂದಿಷ್ಟು, ಹಿಂದಿನ ದಿನ ತಿಂದ ಸೊಪ್ಪಿನ ಒಂದೊಂದು ಎಲೆ ಜೊತೆಗೆ ಕಟ್ಟಿಕೊಳ್ಳಿ. ತೋಟಕ್ಕೆ ಮದ್ದು ಬಿಟ್ಟ ದಿನ ಯಾವುದೆಂದೂ ಹೇಳಿ.