ಪಕ್ಷೇತರ ಸಂಸದರ ಮತದ ಲೆಕ್ಕ: ನನ್ನ ರಿಜಿಸ್ಟರಿನ ಕಥೆ

"ಲೇ, ಮಂಡ್ಯದ ಎಂಪಿ ಯಾವ ಬಟನ್ ಒತ್ತಿದ್ರ ನಿನಗೇನ್ ಬಂತೋ?" ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುವಾಗೆಲ್ಲ ನನ್ನ ಗೆಳೆಯ ಹೀಗೆ ಕಾಲೆಳೆಯುತ್ತಿದ್ದ. ಹೋದ ತಿಂಗಳು ಅವನೇ ಅಂಗಡಿಗೆ ಬಂದು ನನ್ನ ರಿಜಿಸ್ಟರಿನ ಝೆರಾಕ್ಸ್ ಕೇಳಿದ. ಪುಟಕ್ಕೆ ಎರಡು ರೂಪಾಯಿ ತಗೊಂಡೇ ಕೊಟ್ಟೆ.

ನನ್ನದು ಹುಬ್ಬಳ್ಳಿಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಸಂಸದರ ಮತ, ಹಾಜರಿ, ಪ್ರಶ್ನೆಗಳ ಲೆಕ್ಕ ಇಡುವುದು ಚಟ. ಮೊದಲು ನಮ್ಮೂರಿನಿಂದಲೇ ಶುರು ಮಾಡಿ ಸೋತೆ. ಧಾರವಾಡದ ಸಂಸದರು ಸಚಿವರು. ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಮಾಡುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಉಳಿದವರಿಗೆ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಇರುತ್ತದೆ. ಪಕ್ಷ ಗೊತ್ತಿದ್ದರೆ ಮತವೂ ಗೊತ್ತಾದ ಹಾಗೆ. ಪಕ್ಷೇತರರಿಗೆ ಮಾತ್ರ ವಿಪ್ ಇಲ್ಲ, ಹಾಕಿದ ಮತ ಅವರದೇ. 2019ರಲ್ಲಿ ಮಂಡ್ಯದಿಂದ ಸುಮಲತಾ ಅಂಬರೀಶ್ ಪಕ್ಷೇತರರಾಗಿ ಗೆದ್ದರು, ಒಂದೂಕಾಲು ಲಕ್ಷದಷ್ಟು ಅಂತರ. ಆ ಲೋಕಸಭೆಯಲ್ಲಿ ಪಕ್ಷೇತರರಾಗಿ ಗೆದ್ದು ಬಂದವರು ನಾಲ್ಕೇ ಜನ. ನಾಲ್ಕು ಜನರ ಲೆಕ್ಕ ಒಬ್ಬನೇ ಇಡಬಹುದು ಅಂದುಕೊಂಡೆ. ಮಂಡ್ಯದ್ದೊಂದೇ ಸಾಕುಸಾಕಾಯಿತು.

ಮೊದಲ ಪೆಟ್ಟು ಧ್ವನಿಮತದ್ದು. ನವಲಗುಂದದ ರೈತರೊಬ್ಬರು ಅಂಗಡಿಗೆ ಬಂದು, "ಅಣ್ಣಾರ, 2020ರ ಕೃಷಿ ಮಸೂದೆಗೆ ಮಂಡ್ಯದ ಎಂಪಿ ಏನ್ ಮತ ಹಾಕಿದ್ರೀ?" ಎಂದು ಕೇಳಿದರು. ಎರಡು ರಾತ್ರಿ ಹುಡುಕಿದೆ. ಅವು ಧ್ವನಿಮತದಲ್ಲೇ ಪಾಸಾಗಿದ್ದವು. ಯಾರು 'ಹೌದು' ಅಂದರು, ಯಾರು 'ಇಲ್ಲ' ಅಂದರು, ಯಾರ ಹೆಸರೂ ಕಾಗದದ ಮೇಲೆ ಬರುವುದಿಲ್ಲ. 2023ರ ಆಗಸ್ಟಿನ ಅವಿಶ್ವಾಸ ನಿರ್ಣಯ ಬಿದ್ದದ್ದೂ ಹಾಗೆಯೇ. ಯಾರಾದರೂ ಡಿವಿಜನ್, ಅಂದರೆ ಒಬ್ಬೊಬ್ಬರ ಮತ ಎಣಿಸುವುದನ್ನು, ಕೇಳಿದರೆ ಮಾತ್ರ ಹೆಸರು ಸಿಗುತ್ತದೆ. ಸಂವಿಧಾನ ತಿದ್ದುಪಡಿಗೆ ಅದು ಕಡ್ಡಾಯ, ಅಷ್ಟು ಸಮಾಧಾನ. ಐದು ವರ್ಷದ ರಿಜಿಸ್ಟರ್ ಅಂದರೆ ಒಂದು ಲಾರಿ ಲೋಡ್ ಆಗುತ್ತದೆ ಅಂದುಕೊಂಡಿದ್ದೆ. ಎರಡು ನೋಟ್‌ಬುಕ್ಕಿನಲ್ಲಿ ಮುಗಿಯಿತು.

ಎರಡನೇ ಪೆಟ್ಟು ದುಡ್ಡಿನದು. ಇಂಜಿನಿಯರಿಂಗ್ ಓದುವ ಹುಡುಗನೊಬ್ಬನಿಗೆ ಸುಮಾರು ಆರು ಸಾವಿರ ಕೊಟ್ಟು, ಚರ್ಚೆಯ ಪಿಡಿಎಫ್‌ಗಳಿಂದ ಹೆಸರು ಹೆಕ್ಕುವ ಪ್ರೋಗ್ರಾಂ ಬರೆಸಿದೆ. ಹುಡುಗ ಜಾಣ, ಆದರೆ ಲೋಕಸಭೆ ನೋಡಿದವನಲ್ಲ. ಪರ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಅವನ ಪ್ರೋಗ್ರಾಂ ಸೀದಾ 'ವಿರೋಧ' ಎಂದು ಬರೆಯುತ್ತಿತ್ತು! ನಾನೂ ನೋಡದೆ ಒಂದು ಕರಪತ್ರ ಕಂಪೋಸ್ ಮಾಡಿಬಿಟ್ಟಿದ್ದೆ. ಪ್ರಿಂಟಿಗೆ ಕಳಿಸುವ ಹಿಂದಿನ ದಿನ ಕಣ್ಣಿಗೆ ಬಿತ್ತು, ಪುಣ್ಯ. ಪ್ಲೇಟಿನ ದುಡ್ಡು ಮಾತ್ರ ಹೋಯಿತು.

ಆಮೇಲೆ ಕೈಯಲ್ಲೇ ಗೆರೆ ಹಾಕಿದೆ. ಪರ, ವಿರೋಧ, ತಟಸ್ಥ, ಹೆಸರಿಲ್ಲ. ನಾಲ್ಕನೆಯದನ್ನು ಮತ್ತೆ ಸೀಳಿದೆ: ಆ ದಿನ ಹಾಜರಿ ಸಹಿ ಇಲ್ಲ, ಅಥವಾ ಸಹಿ ಇದೆ ಆದರೆ ಮತ ಇಲ್ಲ. ಈ ಕೊನೆಯ ಕಾಲಮ್ಮೇ ನನ್ನ ಇಡೀ ಕೆಲಸದ ಜೀವಾಳ. ಬೆಳಿಗ್ಗೆ ಬಂದು ಸಹಿ ಹಾಕಿ, ಮತದ ಹೊತ್ತಿಗೆ ಕಾಣದೇ ಇರುವುದೂ ಒಂದು ನಿಲುವಾಗಿರಬಹುದು, ಅಲ್ವಾ? ಜ್ವರವೂ ಬಂದಿರಬಹುದು. ನಾನು ಬರೆದಿಡುತ್ತೇನೆ, ತೀರ್ಪು ಕೊಡುವುದಿಲ್ಲ.

ಇದರಲ್ಲೂ ಒಮ್ಮೆ ಎಡವಿದೆ. ಪೌರತ್ವ ತಿದ್ದುಪಡಿ ಮಸೂದೆ 311-80ರಲ್ಲಿ ಪಾಸಾದಾಗ ಮಧ್ಯರಾತ್ರಿ ದಾಟಿತ್ತು. ಮರುದಿನದ ಪೇಪರ್ ನೋಡಿ 2019ರ ಡಿಸೆಂಬರ್ 10ರ ಹಾಜರಿ ತಾಳೆ ಹಾಕಿದೆ. ಲೆಕ್ಕ ಕೂಡಲೇ ಇಲ್ಲ. ಕಲಾಪದ ದಿನ 9ನೇ ತಾರೀಕು! 2025ರಲ್ಲಿ ವಕ್ಫ್ ಮಸೂದೆಗೆ ರಾತ್ರಿ ಎರಡರ ಸುಮಾರಿಗೆ ಮತ ಬಿದ್ದಾಗ, 288-232, ನಾನು ಆ ತಪ್ಪು ಮಾಡಲಿಲ್ಲ. ಸಾಂಗ್ಲಿಯ ಹೊಸ ಪಕ್ಷೇತರ ಸಂಸದರ ಪುಟಕ್ಕೆ (ಅದರ ಮಾತು ಕೊನೆಗೆ) ಏಪ್ರಿಲ್ 2ರ ಹಾಜರಿಯನ್ನೇ ತೆಗೆದೆ. ಎರಡು ತಿಂಗಳು ತಲೆ ಕೆಟ್ಟಿದ್ದಕ್ಕೆ ಅಷ್ಟಾದರೂ ಬಂತು.

ಹೆಸರಿನ ಸ್ಪೆಲ್ಲಿಂಗ್ ಒಂದು ದೊಡ್ಡ ರಗಳೆ. ಮತಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬರುತ್ತದೆ, ಹಾಜರಿಯಲ್ಲಿ ಬೇರೆ ಥರ. ಅದಕ್ಕೆ ನಾನು ಕಂಡುಕೊಂಡ ಉಪಾಯ ಇಲ್ಲಿ ಹೇಳುವುದಿಲ್ಲ. ಹೆಸರನ್ನೇ ಹುಡುಕಬೇಡಿ, ಇಷ್ಟೇ ಸುಳಿವು.

ಇನ್ನು ಹಿತಾಸಕ್ತಿಯ ಮಾತು, ಅಂದರೆ ಸಂಸದರಿಗೆ ದುಡ್ಡಿನ ನಂಟು ಎಲ್ಲೆಲ್ಲಿದೆ ಎಂಬುದು. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗೆಂದೇ ರಿಜಿಸ್ಟರ್ ಇದೆ, ಐದು ತಲೆಬರಹ: ಸಂಬಳದ ಡೈರೆಕ್ಟರ್ ಹುದ್ದೆ, ಸಂಬಳದ ಬೇರೆ ಕೆಲಸ, ಕಂಪನಿ ಮೇಲೆ ಹಿಡಿತ ಕೊಡುವಷ್ಟು ಷೇರು, ಸಂಬಳದ ಸಲಹೆಗಾರಿಕೆ, ವೃತ್ತಿ. ಲೋಕಸಭೆಯಲ್ಲಿ ಅಂಥದ್ದು ಇಲ್ಲ. ಗೆದ್ದವರು 90 ದಿನದೊಳಗೆ ಸ್ಪೀಕರ್‌ಗೆ ಆಸ್ತಿ ವಿವರ ಕೊಡುತ್ತಾರೆ, ಅದನ್ನು ನೋಡಲು ಸ್ಪೀಕರ್ ಲಿಖಿತ ಅನುಮತಿ ಬೇಕು. ಹಾಗಾಗಿ ರಾಜ್ಯಸಭೆಯ ಐದು ತಲೆಬರಹ ಎರವಲು ತಂದು, ನಾಮಪತ್ರದ ಜೊತೆ ಕೊಡುವ ಅಫಿಡವಿಟ್ಟಾದ ಫಾರಂ 26ರಿಂದ ತುಂಬಿಸಿದೆ. ಸಾಮಾನ್ಯವಾಗಿ ಎರಡು ಚುನಾವಣೆಯ ಅಫಿಡವಿಟ್ ಪಕ್ಕಪಕ್ಕ ಇಟ್ಟರೆ ಕಥೆ ತಾನೇ ಹೊರಬರುತ್ತದೆ. ಮಂಡ್ಯದ ವಿಷಯದಲ್ಲಿ ಅದೂ ಕೈಕೊಟ್ಟಿತು. 2024ರಲ್ಲಿ ಅವರು ನಿಲ್ಲಲೇ ಇಲ್ಲ. ಬಲಗಡೆ ಕಾಲಮ್ ಇವತ್ತಿಗೂ ಖಾಲಿ.

ಪ್ರಶ್ನೆಗಳನ್ನು ಎಣಿಸಿದರೆ ಮೋಸ ಹೋಗುತ್ತೀರಿ. ಚುಕ್ಕೆ ಇಲ್ಲದ, ಅಂದರೆ ಬರಹದಲ್ಲೇ ಉತ್ತರ ಬರುವ, ಒಂದೇ ಪ್ರಶ್ನೆಗೆ ಹತ್ತು ಜನರ ಹೆಸರು ಸೇರಿರುತ್ತದೆ. ನಾನು ಒಂಟಿ ಹೆಸರಿನ ಪ್ರಶ್ನೆಗೆ ಪೂರ್ತಿ ಅಂಕ, ಗುಂಪಿನದಕ್ಕೆ ಕಾಲು ಅಂಕ ಕೊಟ್ಟೆ. 2021ರಲ್ಲಿ ಸುಮಲತಾ ಅವರು ಕೆಆರ್‌ಎಸ್ ಅಣೆಕಟ್ಟಿನ ಸುತ್ತಲಿನ ಗಣಿಗಾರಿಕೆಯ ಬಗ್ಗೆ ಹೊರಗೆ ಎಷ್ಟು ಗದ್ದಲ ಎಬ್ಬಿಸಿದರು ಎಂಬುದು ಎಲ್ಲರಿಗೂ ಗೊತ್ತು. ಅಂಥ ವಿಷಯ ಸದನದ ಕಾಗದದಲ್ಲಿ ಎಷ್ಟು ಬಂತು ಎಂದು ತಾಳೆ ನೋಡುವುದೇ ನನಗೆ ರುಚಿ.

ಗೆಳೆಯನ ಇನ್ನೊಂದು ತಕರಾರು, "2023ರಲ್ಲಿ ಬಿಜೆಪಿಗೆ ಬೆಂಬಲ ಅಂದ್ರು, ಮತ್ತ ಎಲ್ಲಿಯ ಪಕ್ಷೇತರ?" ಬೆಂಬಲ ಬೇರೆ, ಸೇರುವುದು ಬೇರೆ ಮಾರಾಯಾ. ಪಕ್ಷೇತರರಾಗಿ ಗೆದ್ದವರು ಪಕ್ಷ ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ತಡೆ ಕಾನೂನು) ಪ್ರಕಾರ ಸೀಟು ಹೋಗುತ್ತದೆ. ಅವರು ಸೇರಿದ್ದು 2024ರ ಏಪ್ರಿಲ್‌ನಲ್ಲಿ, ಅವಧಿ ಮುಗಿಯುವ ಹೊತ್ತಿಗೆ. ನಾನು ಆ ಎರಡೂ ತಾರೀಕಿಗೆ ಕೆಂಪು ಗೆರೆ ಎಳೆದು, ಬೆಂಬಲಕ್ಕೆ ಮೊದಲಿನ ಮತ, ನಂತರದ ಮತ ಎಂದು ಬೇರೆ ಮಾಡಿಟ್ಟೆ. ಝೆರಾಕ್ಸ್ ಬೇಕು ಅಂದದ್ದು ಆ ಪುಟಕ್ಕೇ.

ನಡುವೆ ಒಂದು ಹುಚ್ಚಾಟವೂ ಆಯಿತು. ಸುಮಲತಾ ಅವರಿಗಿಂತ ಮೊದಲು ಕರ್ನಾಟಕದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದವರು ಚುಟುಕದ ದಿನಕರ ದೇಸಾಯಿ, 1967ರಲ್ಲಿ, ನಮ್ಮ ಘಟ್ಟದ ಕೆಳಗಿನ ಕೆನರಾದಿಂದ. ಅವರ ಲೆಕ್ಕವನ್ನೂ ಹಿಡಿಯೋಣ ಎಂದು ಹೊರಟೆ. ಹಳೇ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನದ ರದ್ದತಿಗೆ 1970ರಲ್ಲಿ ಮಸೂದೆ ಬಂದ ಕಾಲ ಅದು, ಒಳ್ಳೇ ಸಂದರ್ಭ. ಆದರೆ ಹಳೇ ಸ್ಕ್ಯಾನು, ಮಸಿ ಮೆತ್ತಿದ ಅಕ್ಷರ, ಹುಡುಕಿದರೆ ಏನೂ ಸಿಗದು. ಮೂರು ಭಾನುವಾರ ಕಳೆದು ಕೈಬಿಟ್ಟೆ. ಹೆಂಡತಿ ಹೇಳಿದ್ದು ಸರಿ: "ಮೊದ್ಲ ಲಗ್ನಪತ್ರಿಕಾ ಮುಗಸ್ರಿ."

ಈಗ ಮಹಾರಾಷ್ಟ್ರದ ಸಾಂಗ್ಲಿಯ ಪುಟ ಶುರು ಮಾಡಿದ್ದೇನೆ, 2024ರಲ್ಲಿ ಅಲ್ಲೂ ಪಕ್ಷೇತರರೇ ಗೆದ್ದಿದ್ದಾರೆ. ಮೊದಲ ಸಾಲು 2024ರ ಡಿಸೆಂಬರ್ 17, ಒಂದು ದೇಶ ಒಂದು ಚುನಾವಣೆ ಮಸೂದೆ ಮಂಡನೆಯ ದಿನ. ಬೋರ್ಡಿನಲ್ಲಿ ಮೊದಲು 220-149 ಎಂದು ಬಂತು. ಬಟನ್ ಬದಲು ಕಾಗದದ ಚೀಟಿಯಲ್ಲಿ ಕೊಟ್ಟ ಮತ ಸೇರಿದ ಮೇಲೆ 269-198. ನೂರರ ಹತ್ತಿರ ಹೆಸರು ಚೀಟಿಯಲ್ಲೇ ಇದ್ದವು! ಹಳೇ ಪ್ರೋಗ್ರಾಂ ಇದ್ದಿದ್ದರೆ ಅಷ್ಟೂ ಜನರನ್ನು ಕಳೆದುಕೊಳ್ಳುತ್ತಿತ್ತು. ಅಧಿಕೃತ ಪ್ರತಿಯ ಕೆಳಗಿನ ಸಣ್ಣಕ್ಷರದ ಟಿಪ್ಪಣಿ ಓದಿ, ಚೀಟಿಗೆಂದೇ ಇನ್ನೊಂದು ಕಾಲಮ್ ಹಾಕಿದೆ. ಅಗಲ ಸಾಲದೆ ಈಗ ಲೀಗಲ್ ಸೈಜ್ ಕಾಗದ ತಂದಿದ್ದೇನೆ.